ಪಶ್ಚಿಮೋತ್ತಾನಾಸನದಲ್ಲಿ ಕಾಲ್ಬೆರಳು ಮುಟ್ಟಲಾಗುತ್ತಿಲ್ಲ: ಇನ್ನಷ್ಟು ಪ್ರಯತ್ನಿಸಬೇಕೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ದಿನದ ಹೆಚ್ಚಿನ ಹೊತ್ತು ಕುರ್ಚಿಯಲ್ಲಿ ಕುಳಿತೇ ಕೆಲಸ ಮಾಡುತ್ತೇನೆ. ಐದು ವಾರಗಳಿಂದ ವಿಡಿಯೊ ನೋಡಿಕೊಂಡು, ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಅರ್ಧ ಗಂಟೆ ಯೋಗಾಭ್ಯಾಸ ಮಾಡುತ್ತಿದ್ದೇನೆ. ಪಶ್ಚಿಮೋತ್ತಾನಾಸನದಲ್ಲಿ, ಎಂದರೆ ಕಾಲು ನೀಡಿ ಕುಳಿತು ಮುಂದೆ ಬಾಗುವ ಆಸನದಲ್ಲಿ, ನನ್ನ ಕೈ ಮೊಣಕಾಲಿನಿಂದ ಒಂದು ಗೇಣು ಮಾತ್ರ ಕೆಳಗೆ ಹೋಗುತ್ತದೆ. ಉಸಿರು ಬಿಗಿಹಿಡಿದು ಎಳೆದರೆ ಇನ್ನೂ ನಾಲ್ಕು ಬೆರಳಿನಷ್ಟು ಮುಂದೆ ಸರಿಯುತ್ತದೆಯಾದರೂ, ಕಳೆದ ವಾರದಿಂದ ಸೊಂಟದ ಹಿಂದೆ ಸಣ್ಣ ನೋವು ಉಳಿದುಕೊಂಡಿದೆ. ಇನ್ನಷ್ಟು ಶ್ರಮಪಟ್ಟರೆ ದೇಹ ಬಗ್ಗುತ್ತದೆಯೇ, ಅಥವಾ ನನ್ನ ಕ್ರಮದಲ್ಲಿಯೇ ದೋಷವಿದೆಯೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ದೋಷ ನಿಮ್ಮ ಶ್ರಮದ್ದಲ್ಲ, ನೀವು ಬಗ್ಗುತ್ತಿರುವ ಜಾಗದ್ದು. ತೊಡೆಯ ಹಿಂಭಾಗದ ಸ್ನಾಯುಗಳು ನಾವು ಕುಳಿತಾಗ ನೆಲಕ್ಕೆ ತಾಗುವ ಮೂಳೆಯಿಂದ ಹೊರಟು ಮೊಣಕಾಲನ್ನು ದಾಟಿ ಕೆಳಗೆ ಅಂಟಿಕೊಂಡಿರುತ್ತವೆ. ಅವು ಬಿಗಿಯಾಗಿದ್ದಾಗ ಕಾಲು ನೀಡಿ ಕುಳಿತರೆ ಸೊಂಟದ ಎಲುಬನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತವೆ. ಆಗ ಮುಂದೆ ಬಾಗಬೇಕಾದ ಸೊಂಟ ಬಾಗದೆ, ಅದರ ಪಾಲಿನ ಕೆಲಸವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಕಾಲು ನೀಡಿ ಕುಳಿತು ಒಂದು ಅಂಗೈಯನ್ನು ಕೆಳಬೆನ್ನಿಗೆ ಒತ್ತಿಕೊಂಡು ನಿಧಾನವಾಗಿ ಮುಂದೆ ಬಾಗಿರಿ. ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಉಬ್ಬಿ ಬೆರಳಿಗೆ ಸಿಗತೊಡಗಿದರೆ ಬೆನ್ನು ಗೂನಾಗುತ್ತಿದೆ ಎಂದೇ ಅರ್ಥ.

ಪರಿಹಾರ ಸರಳವಾಗಿದೆ. ಕಂಬಳಿಯನ್ನು ನಾಲ್ಕೈದು ಬೆರಳು ದಪ್ಪಕ್ಕೆ ಮಡಿಸಿ ಅದರ ಅಂಚಿನ ಮೇಲೆ ಕುಳಿತುಕೊಳ್ಳಿ, ಮೊಣಕಾಲುಗಳನ್ನು ಸ್ವಲ್ಪ ಮಡಿಸಿ, ಹೊಟ್ಟೆಯ ಕೆಳಭಾಗ ತೊಡೆಯತ್ತ ಸಾಗುವಂತೆ ಬಾಗಿರಿ. ಕೈ ಎಲ್ಲಿಗೆ ತಲುಪಿತೆಂದು ನೋಡಲೇಬೇಡಿ. ನಾನು ಮೊದಲ ವರ್ಷ ಅದನ್ನೇ ಅಳೆಯುತ್ತಾ ಎಳೆದುಕೊಂಡು, ಕುಳಿತುಕೊಳ್ಳುವ ಮೂಳೆಯ ಬುಡದಲ್ಲಿ ತಿಂಗಳುಗಟ್ಟಲೆ ಮಾಯದ ನೋವನ್ನು ಅನುಭವಿಸಿದ್ದೇನೆ. ಆ ಕಷ್ಟ ನಿಮಗೆ ಬಾರದಿರಲಿ ಎಂದೇ ಇಷ್ಟು ವಿಸ್ತಾರವಾಗಿ ಬರೆದೆ.

ಉತ್ತರ 2:
ಮೇಲಿನ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನೀವು ಉಸಿರು ಬಿಗಿಹಿಡಿಯುವ ಬಗ್ಗೆ ಬರೆದಿದ್ದೀರಿ. ನನಗೆ ಹೆಚ್ಚು ಕಳವಳವಾಗಿದ್ದು ಅದರಿಂದಲೇ. ಪತಂಜಲಿಯು ಯೋಗಸೂತ್ರದ ಎರಡನೆಯ ಪಾದದಲ್ಲಿ ಆಸನದ ಲಕ್ಷಣವನ್ನು ‘ಸ್ಥಿರಸುಖಮಾಸನಮ್’ (ಸ್ಥಿರವೂ ಸುಖಕರವೂ ಆಗಿರುವುದೇ ಆಸನ) ಎಂದಷ್ಟೇ ಹೇಳಿ, ಅದರ ಮರುಸೂತ್ರದಲ್ಲಿಯೇ ಪ್ರಯತ್ನದ ಶೈಥಿಲ್ಯವನ್ನು, ಎಂದರೆ ಬಿಗಿತವನ್ನು ಸಡಿಲಿಸುವುದನ್ನು, ಪ್ರಸ್ತಾಪಿಸುತ್ತಾನೆ. ಆ ಸೂತ್ರಗಳು ಧ್ಯಾನಕ್ಕೆ ಕೂರುವುದನ್ನು ಕುರಿತವೇ ಆದರೂ ನಿಮ್ಮ ಸಂದೇಹಕ್ಕೂ ಸಲ್ಲುತ್ತವೆ. ಉಸಿರು ಕಟ್ಟಿದ ಜಾಗದಲ್ಲಿ ನೀವು ನಿಮ್ಮ ಮಿತಿಯನ್ನು ದಾಟಿದ್ದೀರಿ. ಅಲ್ಲಿಂದ ಎರಡು ಬೆರಳು ಹಿಂದೆ ಬನ್ನಿ, ಉಸಿರು ಬಿಡುವಾಗ ಬಾಗಿ, ಎಳೆದುಕೊಳ್ಳುವಾಗ ಬೆನ್ನನ್ನು ಉದ್ದವಾಗಿಸಿ.

ಇನ್ನೊಂದು ವಿಷಯ. ರಾತ್ರಿಯೆಲ್ಲ ಮಲಗಿರುವಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ನೀರು ಹೀರಿಕೊಂಡು ಉಬ್ಬಿರುವುದರಿಂದ, ಎದ್ದ ಕೂಡಲೇ ಆಳವಾಗಿ ಮುಂದೆ ಬಾಗುವುದು ಬೆನ್ನಿಗೆ ಹಿತವಲ್ಲ. ಒಂದು ಗಂಟೆಯಾದರೂ ಓಡಾಡಿದ ಮೇಲೆ ಮಾಡಿರಿ, ಇಲ್ಲವೇ ಈ ಆಸನವನ್ನು ಸಂಜೆಗೆ ಇಟ್ಟುಕೊಳ್ಳಿ.

ಉತ್ತರ 3:
ನೋವು ಪೂರ್ತಿ ಹೋಗುವವರೆಗೆ ಈ ಆಸನವನ್ನು ಬಿಡುವುದೇ ಲೇಸು. ಅಂಗಾತ ಮಲಗಿ, ಪಟ್ಟಿಯೊಂದನ್ನು ಅಂಗಾಲಿಗೆ ಹಾಕಿ, ಒಂದೊಂದೇ ಕಾಲನ್ನು ಎತ್ತಿದರೆ ತೊಡೆಯ ಹಿಂಭಾಗಕ್ಕೆ ಅದೇ ಎಳೆತ ಸಿಗುತ್ತದೆ, ಬೆನ್ನು ನೆಲದ ಮೇಲೆ ನಿಶ್ಚಿಂತೆಯಾಗಿರುತ್ತದೆ. ನೋವು ಕಾಲಿನತ್ತ ಇಳಿದರೆ, ಅಥವಾ ಜೋಮು, ಬಲಹೀನತೆ ಕಾಣಿಸಿದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಆಮೇಲಾದರೂ ಕೆಲವು ದಿನ ಶಿಕ್ಷಕರ ಎದುರಿನಲ್ಲಿ ಅಭ್ಯಾಸ ಮಾಡಿರಿ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು:
ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಂಗೈ ಇಟ್ಟು ನೋಡಿದೆ. ನಾಲ್ಕು ಗಂಟುಗಳು ಸ್ಪಷ್ಟವಾಗಿ ಕೈಗೆ ಸಿಕ್ಕವು. ಮುಂದೆ ಬಾಗುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ನಿನ್ನೆ ಸಂಜೆ ಮಲಗಿ ಪಟ್ಟಿಯಿಂದ ಮಾಡಿದಾಗ, ಐದು ವಾರಗಳಲ್ಲಿ ಮೊದಲ ಬಾರಿಗೆ ಎಳೆತ ಬೆನ್ನಿನಲ್ಲಲ್ಲದೆ ತೊಡೆಯ ಹಿಂದೆ ತಿಳಿಯಿತು.