ಇಸ್ತಾಂಬುಲ್‌ನಲ್ಲಿ ಹಡಗು ನಿಲ್ಲುವುದು ಒಂದೇ ದಿನ, ಏನು ನೋಡೋದು?

ಪ್ರಶ್ನೆ: ಅಪ್ಪ ಅಮ್ಮನ ಜೊತೆ ಕ್ರೂಸ್ ಹೊರಟಿದ್ದೇವೆ. ಹಡಗು ಗುರುವಾರ ಬೆಳಿಗ್ಗೆ 8ಕ್ಕೆ ಇಸ್ತಾಂಬುಲ್ ಮುಟ್ಟಿ ಸಂಜೆ 6ಕ್ಕೆ ಹೊರಡುತ್ತದೆ. ಅಮ್ಮನಿಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆ ಪರವಾಗಿಲ್ಲ. ಹಡಗಿನವರ ಟೂರ್ ಬೇಕಾ, ನಾವೇ ಸುತ್ತಬಹುದಾ?

— ನೀವೇ ಸುತ್ತಿ, ಏನೂ ಭಯವಿಲ್ಲ. ಹಡಗು ನಿಲ್ಲುವ ಗಲಾಟಾಪೋರ್ಟ್ ಊರೊಳಗೇ ಇದೆ. ಸ್ವಲ್ಪ ನಡೆದರೆ ತೋಫಾನೆ ಟ್ರಾಮ್ ಸ್ಟಾಪ್. ಟಿ1 ಟ್ರಾಮ್ ಹತ್ತಿದರೆ ಐದನೇ ಸ್ಟಾಪ್ ಸುಲ್ತಾನ್‌ಅಹ್ಮೆತ್. ಹಗಿಯಾ ಸೋಫಿಯಾ (ಮೊದಲು ಚರ್ಚ್, ಈಗ ಮಸೀದಿ), ನೀಲಿ ಮಸೀದಿ, ಸಿಸ್ಟರ್ನ್ ಅನ್ನುವ ನೆಲದಡಿಯ ಹಳೇ ನೀರಿನ ತೊಟ್ಟಿ, ಮೂರೂ ಅಲ್ಲೇ ಅಕ್ಕಪಕ್ಕ.

ಆದರೆ ಅಮ್ಮನ ಮಂಡಿ ನೋಡಿಕೊಂಡು ಆರಿಸಿ. ಹಗಿಯಾ ಸೋಫಿಯಾದಲ್ಲಿ ಪ್ರವಾಸಿಗರನ್ನು ಬಿಡುವುದು ಮೇಲಿನ ಗ್ಯಾಲರಿಗೆ ಮಾತ್ರ, ಹತ್ತಲೇಬೇಕು. 2024ರಿಂದ ವಿದೇಶಿಯರಿಗೆ ಟಿಕೆಟ್ ಬೇರೆ, ಶುರುವಿನಲ್ಲೇ 25 ಯೂರೋ ಇಟ್ಟರು. ಸಿಸ್ಟರ್ನ್‌ಗೂ ಮೆಟ್ಟಿಲು ಇಳಿಯಬೇಕು. ಇಳಿದವರಿಗೆ ಮಾತ್ರ ಮೋಸವಿಲ್ಲ: ಮಬ್ಬು ಬೆಳಕಿನಲ್ಲಿ 336 ಕಂಬ, ಮೂಲೆಯಲ್ಲಿ ಮೆಡೂಸಾಳ (ಗ್ರೀಕ್ ಪುರಾಣದ ಹಾವುಗೂದಲಿನ ಹೆಣ್ಣು) ಎರಡು ಕಲ್ಲಿನ ತಲೆ, ಒಂದು ತಲೆಕೆಳಗು, ಇನ್ನೊಂದು ಅಡ್ಡಡ್ಡ. ನೀವು ಅಪ್ಪ ಹೋಗಿಬರುವಷ್ಟು ಹೊತ್ತು ಅಮ್ಮ ಹಿಪ್ಪೊಡ್ರೋಮ್ ಚೌಕದ (ಹಿಂದೆ ರಥದ ಪಂದ್ಯ ನಡೆಯುತ್ತಿದ್ದ ಮೈದಾನ) ಬೆಂಚಿನಲ್ಲಿ ಕೂರಲಿ. ಎದುರಿಗೇ ಈಜಿಪ್ಟಿನಿಂದ ತಂದ ಒಬೆಲಿಸ್ಕ್, ಅಂದರೆ ಎತ್ತರದ ಕಲ್ಲುಕಂಬ ಇದೆ, ಸುಮಾರು 3,500 ವರ್ಷ ಹಳೆಯದು. ಪೀಠದ ಮೇಲೆ ಅದನ್ನು ಇಲ್ಲಿ ನಿಲ್ಲಿಸಿದ ರೋಮನ್ ರಾಜ ತನ್ನ ಪರಿವಾರದ ಜೊತೆ ರಥದ ಪಂದ್ಯ ನೋಡುವ ಕೆತ್ತನೆ ಇದೆ, ಸುಮ್ನೆ ದಾಟಿ ಹೋಗಬೇಡಿ.

ನೀಲಿ ಮಸೀದಿಗೆ ದುಡ್ಡಿಲ್ಲ. ನಮಾಜಿನ ಹೊತ್ತಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಹೆಂಗಸರು ತಲೆಗೆ ಹೊದೆಯಲು ದುಪಟ್ಟಾ ಇಟ್ಟುಕೊಳ್ಳಿ.

— ನಾನಾದರೆ ವಯಸ್ಸಾದವರ ಜೊತೆ ಹಡಗಿನವರ ಟೂರನ್ನೇ ತಗೊಳ್ಳುತ್ತೇನೆ. ದುಬಾರಿ, ನಿಜ. ಆದರೆ ಅವರ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಹಡಗು ಕಾಯುತ್ತದೆ. ನಿಮ್ಮ ಟ್ಯಾಕ್ಸಿ ಸಿಕ್ಕಿಕೊಂಡರೆ ಯಾರು ಕಾಯುತ್ತಾರೆ? 6ಕ್ಕೆ ಹೊರಡುತ್ತದೆ ಅಂದರೆ ಅದಕ್ಕೂ ಮೊದಲೇ ಹತ್ತಿರಬೇಕು, ಆ ಸಮಯ ಬೇರೆ ಬರೆದಿರುತ್ತಾರೆ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಒಂದೇನಾ ಅಂತ ಇಳಿಯುವಾಗಲೇ ಕೇಳಿಕೊಳ್ಳಿ.

— ಟ್ಯಾಕ್ಸಿ ಯಾಕೆ ಬೇಕು ಹೇಳಿ, ಟ್ರಾಮ್ ಇದೆಯಲ್ಲ! ನನ್ನ ಮಾತು ಕೇಳಿದರೆ ಮಧ್ಯಾಹ್ನ ಗ್ರ್ಯಾಂಡ್ ಬಜಾರ್ ಬಿಟ್ಟುಬಿಡಿ, ಅಲ್ಲಿ ನಡೆದೂ ನಡೆದೂ ಅಮ್ಮನಿಗೆ ಸಾಕಾಗುತ್ತದೆ. ಅದೇ ಟ್ರಾಮ್‌ನಲ್ಲಿ ಎಮಿನೊನು ದಡಕ್ಕೆ ಬಂದು ಕಾದಿಕೊಯ್‌ಗೆ ಹೋಗುವ ಫೆರ್ರಿ ಹತ್ತಿ. ಊರಿನವರು ಓಡಾಡುವ ಫೆರ್ರಿ ಅದು, ಟ್ರಾಮ್‌ಗೂ ಫೆರ್ರಿಗೂ ನಡೆಯುವ ಇಸ್ತಾಂಬುಲ್‌ಕಾರ್ಟ್ ಅನ್ನುವ ಪ್ರಯಾಣದ ಕಾರ್ಡ್ ಸಾಕು. ಆಚೆ ದಡ ಏಷ್ಯಾ. ಕೂತಲ್ಲೇ ತೋಪ್ಕಾಪಿ ಅರಮನೆ, ಮಸೀದಿಗಳ ಗುಮ್ಮಟ ಎಲ್ಲಾ ಕಾಣುತ್ತವೆ. ವಾಪಸ್ ಬರುವಾಗ ಎಮಿನೊನು ಬೇಡ, ಕರಾಕೊಯ್ ಫೆರ್ರಿ ಹಿಡಿಯಿರಿ. ಅಲ್ಲಿಂದ ಹಡಗು ಹತ್ತಿರ.

— ಊಟದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಗೊಜ್ಲೆಮೆ ಕೇಳಿ, ತೆಳು ರೊಟ್ಟಿಯೊಳಗೆ ಆಲೂಗಡ್ಡೆ, ಪಾಲಕ್ ಅಥವಾ ಚೀಸ್ ಇಟ್ಟು ಕಾವಲಿ ಮೇಲೆ ಬೇಯಿಸುತ್ತಾರೆ. ಟೊಮೆಟೊ ಮೊಟ್ಟೆಯ ಮೆನೆಮೆನ್ ಕೂಡ ಆಗುತ್ತದೆ, ಸುಜುಕ್ ಹಾಕಬೇಡಿ ಅನ್ನಿ, ಅದು ಮಾಂಸದ ಸಾಸೇಜ್. ಬೇಳೆ ಸೂಪ್ ಎಲ್ಲಾ ಕಡೆ ಸಿಗುತ್ತದೆ, ಆದರೆ ಕೆಲವರು ಮಾಂಸ ಬೇಯಿಸಿದ ನೀರಲ್ಲಿ ಮಾಡುತ್ತಾರೆ. ಕೇಳಿಯೇ ಚಮಚ ಹಾಕಿ.