ಸಂಘದ ಎಲೆಕ್ಷನ್ ಮುಗಿದೇ ಹೋಗಿತ್ತು, ನಮಗೆ ಗೊತ್ತೇ ಆಗ್ಲಿಲ್ಲ

ಸಂಜೆಪಾಠ:
ಎಲ್ರಿಗೂ ನಮಸ್ಕಾರ. ನಾನು ಹಾಸನದ ಕಡೆಯವ್ನು, ಇಲ್ಲೊಂದು ಸಣ್ಣ ಸಂಘದಲ್ಲಿ ಎಂಟು ವರ್ಷದಿಂದ ಸದಸ್ಯ, ವಾರಕ್ಕೆ ಮೂರು ಸಂಜೆ ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತೀನಿ. ಮೊನ್ನೆ ಬೀಗ ತೆಗೀತಾ ನೋಡ್ತೀನಿ, ಬಾಗಿಲ ಪಕ್ಕ ಒಂದು ಹಾಳೆ ಅಂಟಿಸಿದಾರೆ, ಹೊಸ ಕಾರ್ಯಕಾರಿ ಸಮಿತಿ ಅವಿರೋಧವಾಗಿ ಆಯ್ಕೆ ಅಂತ. ನಾಮಪತ್ರ ಯಾವಾಗ ಕರೆದ್ರು, ಕೊನೇ ದಿನ ಯಾವತ್ತಿತ್ತು, ಒಂದೂ ಗೊತ್ತಿಲ್ಲ. ಕೇಳಿದ್ರೆ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ವಲ್ಲ ಅಂದ್ರು. ಹುಡುಕಿದೆ, ಇತ್ತು. ಗುಡ್ ಮಾರ್ನಿಂಗ್ ಫೋಟೋ, ಹುಟ್ಟುಹಬ್ಬದ ಶುಭಾಶಯದ ಮಧ್ಯೆ ರಾತ್ರಿ ಹನ್ನೊಂದೂವರೆಗೆ ಒಂದು ಪಿಡಿಎಫ್, ಎರಡೇ ದಿನ ಟೈಮು. ಲೈಬ್ರರಿ ನೋಡ್ಕೊಳ್ಳೋ ಮೇಷ್ಟ್ರ ಹತ್ರ ಇರೋದು ಬಟನ್ ಫೋನು, ಅವರಿಗೆ ಹೇಗೆ ಗೊತ್ತಾಗ್ಬೇಕು? ಯಾರೋ ದುಡ್ಡು ತಿಂದಿದಾರೆ ಅಂತ ನಾನು ಹೇಳ್ತಿಲ್ಲ, ಸಮಿತೀಲಿರೋರು ಒಳ್ಳೇವ್ರೇ, ಆದ್ರೂ ತುಂಬಾ ಬೇಜಾರಾಯ್ತು. ಏನು ಕೇಳ್ಬಹುದು, ಎಲ್ಲಿ ಕೇಳ್ಬೇಕು?

ಹಳೇ ಕಾರ್ಯದರ್ಶಿ:
ಮೊದ್ಲು ಬೈಲಾ, ಅಂದ್ರೆ ಸಂಘದ ನಿಯಮಾವಳಿ, ಓದಿ ಸರ್. ನೋಟಿಸು ಎಷ್ಟು ದಿನ ಮುಂಚೆ, ಯಾವ ರೀತಿ ಕೊಡ್ಬೇಕು ಅನ್ನೋದು ಅದ್ರಲ್ಲಿರುತ್ತೆ. ನಿಮ್ಮವ್ರು ಕೊಡ್ಲಿಲ್ಲ ಅಂದ್ರೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರೀಲಿ ಫೀ ಕಟ್ಟಿ ನಕಲು ತಗೋಬಹುದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸರ್ವಸದಸ್ಯರ ಸಭೆ ಆದ್ಮೇಲೆ ಸಮಿತಿ ಪಟ್ಟೀನ ವರ್ಷಾ ವರ್ಷ ಅಲ್ಲಿಗೆ ಸಲ್ಲಿಸ್ಲೇಬೇಕು. ಅದೇ ಕಾಯ್ದೆಯ 25ನೇ ಸೆಕ್ಷನ್ನಲ್ಲಿ, ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ರೆ ನೋಂದಣಾಧಿಕಾರಿ ವಿಚಾರಣೆ ನಡೆಸ್ಬೇಕು ಅಂತಾನೂ ಇದೆ. ಆದ್ರೆ ಅದು ಕೊನೇ ದಾರಿ. ಮೊದ್ಲು ಅಧ್ಯಕ್ಷರಿಗೆ ಒಂದು ಪತ್ರ ಬರೆದು ಮತದಾರರ ಪಟ್ಟಿ, ನೋಟಿಸ್ ಕಳಿಸಿದ್ದಕ್ಕೆ ದಾಖಲೆ ಕೇಳಿ, ಸ್ವೀಕೃತಿ ತಗೊಳಿ. ನಮ್ಮ ಕಾಲದಲ್ಲಿ ನೋಟಿಸನ್ನ ಯುಪಿಸೀಲಿ, ಅಂದ್ರೆ ಪತ್ರ ಅಂಚೆಗೆ ಹಾಕಿದ್ದಕ್ಕೆ ಪೋಸ್ಟಾಫೀಸು ಸರ್ಟಿಫಿಕೇಟ್ ಕೊಡೋ ಪದ್ಧತೀಲಿ, ಕಳಿಸ್ತಿದ್ವಿ, ಪೋಸ್ಟಾಫೀಸಿನ ಸೀಲು ಬಿದ್ದ ಪಟ್ಟಿ ಫೈಲಲ್ಲಿರ್ತಿತ್ತು, ಯಾರು ಕೇಳಿದ್ರೂ ತೋರಿಸ್ಬಹುದಿತ್ತು. 2011ರಲ್ಲಿ ಅಂಚೆ ಇಲಾಖೆ ಅದನ್ನ ನಿಲ್ಲಿಸ್ತು.

ಖಜಾಂಚಿ ಅಕ್ಕ:
ಸಮಿತಿ ಕಡೆಯಿಂದ ನಾನೊಂದು ಮಾತು ಹೇಳ್ತೀನಿ. ಸಭೆ ಕರೆದ್ರೆ ಜನ ಬರಲ್ಲ, ಕೋರಂ (ಸಭೆ ನಡೆಸೋಕೆ ಬೇಕಾದಷ್ಟು ಜನ) ಆಗಲ್ಲ ಅಂತ ಅರ್ಧ ಗಂಟೆ ಮುಂದೂಡಿ ಇದ್ದವರಲ್ಲೇ ಮುಗಿಸ್ತೀವಿ, ಕೊನೆಗೆ ಯಾರಾದ್ರೂ ನಿಂತ್ಕೊಳ್ಳಿ ಅಂತ ಕೈ ಮುಗೀಬೇಕು. ನಮ್ಮಲ್ಲೂ ಮೂರು ಸಲ ಹೀಗೇ ಅವಿರೋಧ ಆಯ್ತು. ಆಮೇಲೆ ತಪ್ಪು ನಮ್ದೇ ಅಂತ ಗೊತ್ತಾಯ್ತು. ಖಜಾಂಚಿ ಅಂದ್ರೆ ಏನು ಕೆಲ್ಸ, ವಾರಕ್ಕೆ ಎಷ್ಟು ಗಂಟೆ ಬೇಕು ಅಂತ ನಾವು ಯಾರಿಗೂ ಹೇಳೇ ಇರ್ಲಿಲ್ಲ, ಗೊತ್ತಿಲ್ದಿರೋ ಕೆಲ್ಸಕ್ಕೆ ಯಾರು ಬರ್ತಾರೆ? ಆ ವರ್ಷ ಒಂದು ತಿಂಗಳು ಮುಂಚೆ ಹಾಳೆ ಪ್ರಿಂಟ್ ಹಾಕಿ ಮನೆಮನೆಗೆ ಕೊಟ್ವಿ, ವಯಸ್ಸಾದವ್ರಿಗೆ ಫೋನ್ ಮಾಡಿದ್ವಿ, ನಿಂತವ್ರನ್ನೆಲ್ಲ ಒಂದು ಭಾನುವಾರ ಕೂರಿಸಿ ಪ್ರಶ್ನೆ ಕೇಳೋಕೆ ಬಿಟ್ವಿ. ಏಳು ಸ್ಥಾನಕ್ಕೆ ಹನ್ನೊಂದು ಜನ ನಿಂತ್ರು. ಎಣಿಕೆ ಎಲ್ಲರೆದುರಿಗೇ, ಯಾರಿಗೆ ಎಷ್ಟು ಓಟು ಅಂತ ಕರಿ ಹಲಗೆ ಮೇಲೆ ಬರೆದ್ವಿ. ಎರಡು ಓಟಲ್ಲಿ ಸೋತ ಹುಡುಗಿ ಮಾರನೇ ದಿನಾನೇ ಬಂದು ರಸೀದಿ ಪುಸ್ತಕ ಕೊಡಿ ಅಕ್ಕ, ನಾನು ಬರೀತೀನಿ ಅಂದ್ಲು.

ಸಂಜೆಪಾಠ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಮೇಷ್ಟ್ರ ಬೀರುವಲ್ಲಿ ಬೈಲಾ ಸಿಕ್ತು, ಹದಿನೈದು ದಿನದ ನೋಟಿಸು, ಅಂಚೆ ಮೂಲಕ ಅಂತ ಸ್ಪಷ್ಟವಾಗಿದೆ. ಅಧ್ಯಕ್ಷರಿಗೆ ಓದಿ ಹೇಳ್ದೆ, ಸ್ವಲ್ಪ ಹೊತ್ತು ಸುಮ್ನಿದ್ದು, ಆಯ್ತು, ಮತ್ತೆ ಸಭೆ ಕರೆಯೋಣ ಅಂದ್ರು. ಮೇಷ್ಟ್ರು ಈಗ ಲೈಬ್ರರೀಲಿ ಕೂತು ಕವರಿನ ಮೇಲೆ ಅಡ್ರೆಸ್ ಬರೀತಿದಾರೆ.