ಹಳೇ ಗೋಡೆಯ ಹಸೆ ಚಿತ್ತಾರ: ಬಣ್ಣ ಇದ್ದ ಹಾಗೇ ಫೋಟೋದಲ್ಲಿ ಹಿಡಿಯುವುದು ಹೇಗೆ?

ಸಾಗರದ ಮೊಮ್ಮಗಳು:
ಸಾಗರದ ಹತ್ತಿರ ನಮ್ಮ ಅಜ್ಜಿ ಮನೆ. ಒಳಗಿನ ಗೋಡೆ ಮೇಲೆ ಅಜ್ಜಿ ಮತ್ತು ಅವರ ಓರಗಿತ್ತಿಯರು ಸೇರಿ ಮಾವನ ಮದುವೆಗೆ ಬರೆದ ಹಸೆ ಚಿತ್ತಾರ ಇನ್ನೂ ಇದೆ. ಮಣ್ಣಿನ ಗೋಡೆ ವಾಲಿದೆ, ಮಳೆಗಾಲ ಮುಗಿದ ಮೇಲೆ ಕೆಡವುತ್ತಾರೆ, ಬೇಡ ಎನ್ನುವ ಹಾಗೂ ಇಲ್ಲ. ಅಷ್ಟರೊಳಗೆ ಬಣ್ಣದ ಸಮೇತ ದಾಖಲು ಮಾಡಿಡಬೇಕು ಅಂತ ಆಸೆ. ಆದರೆ ಫೋನಲ್ಲಿ ಬೆಳಿಗ್ಗೆ ತೆಗೆದರೆ ಕೆಮ್ಮಣ್ಣು ನೇರಳೆಗೆ ತಿರುಗುತ್ತದೆ, ರಾತ್ರಿ ಬಲ್ಬ್ ಹಾಕಿ ತೆಗೆದರೆ ಬಿಳಿ ಗೆರೆ ಯಾವುದು ಹಳದಿ ಗೆರೆ ಯಾವುದು ಗೊತ್ತಾಗುವುದಿಲ್ಲ. ಗುರಿಗೆ ಗಿಡದಿಂದ ಮಾಡಿದ ಹಳದಿ ಅಂತೂ ಕಣ್ಣಿಗೇ ಸರಿಯಾಗಿ ಕಾಣುತ್ತಿಲ್ಲ. ಅಡುಗೆಮನೆ ಕಡೆ ಮೂಲೆಯಲ್ಲಿ ಹೊಗೆ ಹಿಡಿದು ಗೆರೆಗಳೇ ಮುಚ್ಚಿವೆ. ದೊಡ್ಡ ಕ್ಯಾಮೆರಾ ಇಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ತುಂಗಾ ತೀರದ ಫೋಟೋಗ್ರಾಫರ್:
ದೊಡ್ಡ ಕ್ಯಾಮೆರಾ ಬೇಡ, ಮೊದಲು ಬೆಳಕು ಸರಿ ಮಾಡಿಕೊಳ್ಳಿ. ಆಟೋ ಮೋಡ್‌ನಲ್ಲಿ ಫೋನ್ ಪ್ರತಿ ಸಲವೂ ಯಾವುದು ಬಿಳಿ ಅಂತ ತಾನೇ ಊಹೆ ಮಾಡುತ್ತದೆ, ಮೇಲಿಂದ ಕೆಂಪನ್ನು ಜಾಸ್ತಿ ಮಾಡಿ ಚಂದ ಕಾಣಿಸುತ್ತದೆ. ಪ್ರೋ ಮೋಡ್ ಇದ್ದರೆ ರಾ ಫೈಲ್ (ಫೋನ್ ತಿದ್ದದೆ ಇಡುವ ಮೂಲ ಫೋಟೋ) ಆನ್ ಮಾಡಿ, ವೈಟ್ ಬ್ಯಾಲೆನ್ಸ್, ಅಂದರೆ ಆ ಬಿಳಿಯ ಸೆಟ್ಟಿಂಗ್, ಒಂದೇ ಕಡೆ ನಿಲ್ಲಿಸಿ. ಫ್ಲ್ಯಾಶ್ ಬೇಡ, ಬಲ್ಬ್ ಆರಿಸಿ. ನಮ್ಮ ಕಡೆ ಮೋಡ ಮುಚ್ಚಿದ ದಿನಕ್ಕೇನು ಬರ, ಆ ಬೆಳಕೇ ಒಳ್ಳೆಯದು, ಎಲ್ಲಾ ಕಡೆ ಸಮ ಬೀಳುತ್ತದೆ. ಬಾಗಿಲ ಹತ್ತಿರ ನೀಲಿ ಟಾರ್ಪಾಲು ಕಟ್ಟಿದ್ದರೆ ಬಿಚ್ಚಿ, ಅದರ ಬಣ್ಣ ಗೋಡೆ ಮೇಲೆ ಬೀಳುತ್ತದೆ.

ಇನ್ನೊಂದು, ಗೋಡೆ ಪಕ್ಕ ಕಲರ್ ಚೆಕರ್ ಇಟ್ಟು ತೆಗೆಯಿರಿ. 1976ರಿಂದ ಬಳಕೆಯಲ್ಲಿರುವ 24 ಚೌಕದ ಹಲಗೆ ಅದು, ಪ್ರತಿ ಚೌಕದ ಬಣ್ಣದ ಅಳತೆ ಮೊದಲೇ ಗೊತ್ತಿರುತ್ತದೆ. ಡಾರ್ಕ್‌ಟೇಬಲ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಫೋಟೋದಲ್ಲಿ ಬಂದ ಚೌಕಕ್ಕೂ ನಿಜವಾದ ಅಳತೆಗೂ ಎಷ್ಟು ವ್ಯತ್ಯಾಸ ಅಂತ ನೋಡಿ ಅದು ಬಣ್ಣ ಸರಿ ಮಾಡುತ್ತದೆ. ಹಲಗೆ ದುಬಾರಿ ಅನ್ನಿಸಿದರೆ ಕಡೇಪಕ್ಷ ಗ್ರೇ ಕಾರ್ಡ್, ಅಂದರೆ ಬಣ್ಣ ಹೋಲಿಸಲು ಬಳಸುವ ಬರೀ ಬೂದು ಬಣ್ಣದ ಕಾರ್ಡ್, ಇಡಿ. ಬೆಳಕು ಬದಲಾದಾಗಲೆಲ್ಲ ಮತ್ತೆ ಇಟ್ಟು ಒಂದು ತೆಗೆಯಬೇಕು, ಇಲ್ಲದಿದ್ದರೆ ಉಪಯೋಗ ಇಲ್ಲ.

ಸೊರಬದ ಚಿತ್ತಾರಗಿತ್ತಿ:
ತಂಗಿ, ಫೋಟೋ ತೆಗಿ, ಆದರೆ ಅಷ್ಟಕ್ಕೇ ಬಿಡಬೇಡ. ಒಂದೊಂದು ಧರೆಯ ಮಣ್ಣು ಒಂದೊಂದು ಕೆಂಪು. ಕೆಮ್ಮಣ್ಣು ಎಲ್ಲಿಂದ ತಂದಿದ್ದು ಅಂತ ಅಜ್ಜಿಯನ್ನು ಈಗಲೇ ಕೇಳಿ ಬರೆದಿಡು. ಆಮೇಲೆ ಅವರನ್ನು ಕೂರಿಸಿಕೊಂಡು ಒಂದು ಹಲಗೆಗೆ ಅದೇ ಮಣ್ಣು ಬಳಿದು, ಅಕ್ಕಿ ಅರೆದು ಬಿಳಿ, ಅಕ್ಕಿ ಕರಕಾಗುವ ಹಾಗೆ ಹುರಿದು ಕಪ್ಪು, ಗುರಿಗೆಯಿಂದ ಹಳದಿ ಮಾಡಿಸಿ, ಪುಂಡಿ ನಾರಿನ ಕುಂಚದಲ್ಲೇ ನಾಲ್ಕು ಗೆರೆ ಎಳೆಸು. ಪೇಂಟ್ ಬ್ರಷ್‌ನಲ್ಲಿ ಆ ಸಪೂರ ಗೆರೆ ಬರುವುದಿಲ್ಲ. ಆ ಹಲಗೆಯನ್ನು ಗೋಡೆ ಪಕ್ಕ ಇಟ್ಟು, ಮೇಲೆ ಫೋಟೋಗ್ರಾಫರ್ ಹೇಳಿದ ಬಣ್ಣದ ಚೌಕದ ಜೊತೆಗೇ ಫೋಟೋ ತೆಗಿ. ಹೊಸದಾಗಿ ಬರೆದಾಗ ಹೇಗಿತ್ತು, ಈಗ ಹೇಗಾಗಿದೆ, ಎರಡೂ ಒಂದೇ ಬೆಳಕಲ್ಲಿ ಸಿಗುತ್ತದೆ.

ಶಿವಮೊಗ್ಗದ ವಿದ್ಯಾರ್ಥಿ:
ಅಕ್ಕ ಹೇಳಿದ್ದು ತುಂಬಾ ಮುಖ್ಯ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ರಾತ್ಕೋ ಎಂಬ ಚಿತ್ರಕಾರ ಬರೆದ ದೊಡ್ಡ ಚಿತ್ರಗಳಿವೆ. 1964ರಲ್ಲಿ ಅಲ್ಲಿನ ಊಟದ ಕೋಣೆಯಲ್ಲಿ ತೂಗು ಹಾಕಿದ್ದರು, ಬಿಸಿಲಿಗೆ ಅದರ ಕೆಂಪು ಹಾರಿಹೋಯಿತು. 2014ರಲ್ಲಿ ಚಿತ್ರಕ್ಕೆ ಒಂದು ತೊಟ್ಟೂ ಬಣ್ಣ ಹಚ್ಚದೆ, ಎಲ್ಲೆಲ್ಲಿ ಎಷ್ಟು ಮಾಸಿದೆ ಅಂತ ಲೆಕ್ಕ ಹಾಕಿ ಪ್ರೊಜೆಕ್ಟರ್‌ನಿಂದ ಅಷ್ಟೇ ಬಣ್ಣದ ಬೆಳಕು ಬಿಟ್ಟು ತೋರಿಸಿದರು. ಮೊದಲಿನ ಬಣ್ಣ ಗೊತ್ತಾಗಿದ್ದು ಹೇಗೆ? 1964ರ ಫಿಲ್ಮ್ ಫೋಟೋ ಇತ್ತು, ಆದರೆ ಅದೂ ಮಾಸಿತ್ತು. ಅದನ್ನು ಸರಿಪಡಿಸಲು ಕೈಗೆ ಬಂದಿದ್ದು, ಬಿಸಿಲು ಕಾಣದೆ ಉಳಿದಿದ್ದ, ಅದೇ ಸಾಲಿನ ಇನ್ನೊಂದು ಚಿತ್ರ.

ನಿಮ್ಮ ಗೋಡೆಯಲ್ಲೂ ಅಂಥ ಜಾಗ ಇರಬಹುದು. ಕ್ಯಾಲೆಂಡರ್ ಹಿಂದೆ, ದೇವರ ಪಟದ ಹಿಂದೆ, ಬೀರು ಮರೆಯಲ್ಲಿ ನೋಡಿ. ಕೆಮ್ಮಣ್ಣು ಕಬ್ಬಿಣದ ಆಕ್ಸೈಡ್, ಬೆಳಕಿಗೆ ಹೋಗುವುದಿಲ್ಲ. ಗಿಡದಿಂದ ಬಂದ ಹಳದಿ ಹೋಗುತ್ತದೆ. ಹಾಗಾಗಿ ಆ ಮರೆಯಲ್ಲಿ ಹಳದಿ ಸಿಕ್ಕರೆ ಅದನ್ನು ಎಲ್ಲಕ್ಕಿಂತ ಮೊದಲು, ಹತ್ತಿರದಿಂದ ತೆಗೆಯಿರಿ.

ಮಾಸಿದ ಗೆರೆಗೆ ಡಿಸ್ಟ್ರೆಚ್ ಅನ್ನುವ ಸಾಫ್ಟ್‌ವೇರ್ ಬಳಸಬಹುದು. ಬಂಡೆ ಚಿತ್ರ ಓದುವವರಿಗಾಗಿ ಜಾನ್ ಹಾರ್ಮನ್ ಮಾಡಿದ್ದು, ಇಮೇಜ್‌ಜೆ ಅಂತ ಫೋಟೋ ಪರೀಕ್ಷಿಸುವ ಇನ್ನೊಂದು ಸಾಫ್ಟ್‌ವೇರ್ ಒಳಗೆ ಓಡುತ್ತದೆ. ಕಣ್ಣಿಗೆ ಒಂದೇ ಅನ್ನಿಸುವ ಬಣ್ಣಗಳ ಸಣ್ಣ ಅಂತರವನ್ನು ಹಿಗ್ಗಿಸಿ ತೋರಿಸುತ್ತದೆ. ಅದರಲ್ಲಿ ಬರುವ ಕಡುಹಸಿರು, ಗುಲಾಬಿ ಯಾವುದೂ ನಿಜವಾದ ಬಣ್ಣ ಅಲ್ಲ, ಗೆರೆ ಹುಡುಕಲು ಮಾತ್ರ. ಆ ಫೋಟೋವನ್ನು ಬೇರೆ ಫೋಲ್ಡರ್‌ನಲ್ಲಿಡಿ, ರಾ ಫೈಲ್ ಮುಟ್ಟಲೇಬೇಡಿ. ಹೊಗೆಯ ಮೂಲೆಗೆ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನಲ್ಲಿ ತೆಗೆಯುವ ಫೋಟೋ) ಅಂತ ಯಾರಾದರೂ ಹೇಳಬಹುದು, ಆದರೆ ಮಸಿಯೂ ಇಂಗಾಲ, ಹುರಿದ ಅಕ್ಕಿಯ ಕಪ್ಪೂ ಇಂಗಾಲ, ಅದರಲ್ಲಿ ಎರಡೂ ಕಪ್ಪಾಗೇ ಕಾಣುತ್ತವೆ.

ಸಾಗರದ ಮೊಮ್ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೊಡ್ಡ ಕನ್ನಡಿ ಒಂದು ಗೋಡೆಗೇ ಮೊಳೆ ಹೊಡೆದು ಕೂರಿಸಿದ್ದಾರೆ, ಅದರ ಹಿಂದೆ ಯಾರೂ ನೋಡಿಲ್ಲ. ಮಾವನ ಹತ್ತಿರ ಬಿಚ್ಚಿಸುತ್ತೇನೆ. ಅಕ್ಕಾ, ಗುರಿಗೆ ನಮ್ಮ ಸುತ್ತಮುತ್ತ ಈಗ ಸಿಗುತ್ತಿಲ್ಲ, ಏನು ಮಾಡಲಿ?

ಸೊರಬದ ಚಿತ್ತಾರಗಿತ್ತಿ:
ನಮ್ಮಲ್ಲಿ ಒಣಗಿಸಿಟ್ಟಿದ್ದು ಇದೆ, ಮೆಸೇಜ್ ಮಾಡು, ಸಾಗರದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಕನ್ನಡಿ ಬಿಚ್ಚುವಾಗ ಹುಷಾರು, ಮೊಳೆ ಕೀಳುವಾಗ ಮಣ್ಣು ಹೆಕ್ಕಳಿಕೆಯಾಗಿ ಎದ್ದು ಬರುತ್ತದೆ. ಬಿದ್ದ ತುಂಡು ಎಸೆಯಬೇಡ, ಡಬ್ಬಿಗೆ ಹಾಕಿಡು.